ಮೂರು ಸಲ ಕೇಳಬೇಕು

ಆಗಸ್ಟ್ 13, 1999, ಶುಕ್ರವಾರ

ಬೆಳಿಗ್ಗೆ ಏಳಕ್ಕೇ ಫೋನು ಶುರುವಾಯಿತು. ಮೊದಲು ಪತ್ರಿಕೆಯ ನೂರಿತ್. ಹತ್ತೊಂಬತ್ತು ವರ್ಷಗಳಿಂದ ನನ್ನ ಶುಕ್ರವಾರದ ಅಂಕಣವನ್ನು ತಿದ್ದುತ್ತಿರುವ ಈ ಹೆಂಗಸು ನನ್ನನ್ನು ಹೊಗಳಿದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಬೇರೆ ಯಾರದೋ ಬರಹ ಎಂದುಕೊಂಡು ಹೊಗಳಿದ್ದಳು. 

"ಹೆಸ್ಕೇಲ್, ನಮ್ಮನೇಲಿ ಎಲ್ರೂ ಅತ್ತುಬಿಟ್ವಿ. ನನ್ನ ಗಂಡಾನೂ. ಅವ್ರಮ್ಮ ಸತ್ತಾಗ್ಲೂ ಅತ್ತಿರ್ಲಿಲ್ಲ ಆ ಪುಣ್ಯಾತ್ಮ."

ಆಮೇಲೆ ಹಳೆಯ ವಿದ್ಯಾರ್ಥಿಗಳು, ಹೈಫಾದ ಒಬ್ಬ ಹಲ್ಲಿನ ಡಾಕ್ಟರು, ಹೆಸರು ಹೇಳದೆ ಬರೀ ಬಿಕ್ಕಿದ ಒಬ್ಬ ಮುದುಕಿ. ಮಧ್ಯಾಹ್ನದ ಹೊತ್ತಿಗೆ ನನ್ನ ಕಿವಿ ಕೆಂಪಾಗಿತ್ತು. ಸುಳ್ಳೇಕೆ, ಖುಷಿಯೂ ಆಗಿತ್ತು. ನಾಲ್ಕು ಕಾದಂಬರಿ ಬರೆದವನಿಗೆ ಎಂಟುನೂರು ಪದಗಳಲ್ಲಿ ಇಷ್ಟು ಸಿಕ್ಕಿದ್ದು ಇದೇ ಮೊದಲು.

ಬರೆದದ್ದು ನನ್ನ ತಂಗಿ ಬಹಿಯಾಳ ಕಥೆ. ಬಾಗ್ದಾದಿನ ಯಹೂದಿಗಳಾದ ನಾವು ಈ ದೇಶಕ್ಕೆ ಬಂದ ವರ್ಷ, ವಲಸಿಗರ ಶಿಬಿರದಲ್ಲಿ, ಡೇರೆಯೊಳಗೆ ನೀರು ನುಗ್ಗಿದ ಆ ಚಳಿಗಾಲದಲ್ಲಿ, ಎಂಟು ತಿಂಗಳ ತಂಗಿಗೆ ಉಸಿರು ಕಟ್ಟತೊಡಗಿತು. ಶಿಬಿರದ ಆಚೆ ತುದಿಯಲ್ಲಿದ್ದ ದವಾಖಾನೆಯಿಂದ ನರ್ಸನ್ನು ಕರೆತರಲು ಅಮ್ಮ ಅಣ್ಣ ಅಬೂದಿಯನ್ನು ಓಡಿಸಿದಳು. ಅವನಿಗೆ ಹದಿನಾರು, ನನಗೆ ಒಂಬತ್ತು. ಸಂಜೆ ಅವನೊಬ್ಬನೇ ಬಂದು, "ನರ್ಸ್ ಬರಲ್ಲ ಅಂದ್ಲು" ಎಂದ. ಬೆಳಗಾಗುವಷ್ಟರಲ್ಲಿ ಮಗು ಹೋಯಿತು. ಅಮ್ಮ ಸಾಯುವವರೆಗೂ ಆ ನರ್ಸಿಗೆ ಶಾಪ ಹಾಕಿದಳು. ನಾನು ಆ ನರ್ಸನ್ನೇ ಖಳನಾಯಕಿ ಮಾಡಿ ಮೊದಲ ಕಾದಂಬರಿ ಬರೆದೆ. ನನಗೆ ಹೆಸರು ಬಂದದ್ದು ಅದರಿಂದ. ಶಾಲೆಯ ಮಕ್ಕಳು ಈಗಲೂ ಓದುತ್ತಾರೆ.

ಎಂಟು ವರ್ಷದ ಹಿಂದೆ ಅಮ್ಮ ಹೋದಾಗ, ಏಳು ದಿನದ ಸೂತಕದಲ್ಲಿ ನೆಲದ ಮೇಲೆ ಕೂತಿದ್ದಾಗ, ನಾಲ್ಕನೆಯ ದಿನ ಅಣ್ಣ ನನ್ನ ಕಿವಿಯಲ್ಲಿ ಹೇಳಿದ. ಅವನು ದವಾಖಾನೆಗೆ ಹೋಗಿಯೇ ಇರಲಿಲ್ಲ. ದಾರಿಯಲ್ಲಿ ಫುಟ್‌ಬಾಲ್ ನಡೆಯುತ್ತಿತ್ತು. ನಮ್ಮವರಿಗೆ ಗೋಲ್‌ಕೀಪರ್ ಇರಲಿಲ್ಲ. ಹತ್ತು ನಿಮಿಷ ನಿಂತುಕೋ ಎಂದರಂತೆ, ಆಟ ಮುಗಿಯುವವರೆಗೆ ನಿಂತ. ಗೆದ್ದರು. ದವಾಖಾನೆ ಮುಟ್ಟುವಾಗ ಬಾಗಿಲು ಹಾಕಿತ್ತು.

ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಆದರೆ ಆ ನರ್ಸಿಗೂ ಒಂದು ನ್ಯಾಯ ಬೇಡವೇ? ನನ್ನ ಪುಸ್ತಕ ಆಕೆಯ ಮುಖಕ್ಕೆ ಮಸಿ ಬಳಿದಿದೆ. ಅದನ್ನು ಒರೆಸುವುದು ನನ್ನ ಕರ್ತವ್ಯ. ಅಣ್ಣನನ್ನು ಅದೆಷ್ಟು ಪ್ರೀತಿಯಿಂದ ಬರೆದಿದ್ದೇನೆ ಎಂದರೆ, ಓದಿದ ಯಾರೂ ಅವನನ್ನು ದೂರಲಾರರು.

ಅಣ್ಣ ಮಾತ್ರ ಇನ್ನೂ ಫೋನ್ ಮಾಡಿಲ್ಲ. ನನ್ನ ಅಂಕಣದಿಂದಾಗಿ ದೇಶಕ್ಕೆಲ್ಲ ಪರಿಚಯವಾದ ಮನುಷ್ಯ ಅವನು: ಲಿಫ್ಟ್ ಹತ್ತದ ಅಬೂದಿ, ವಿಮಾನದಲ್ಲಿ ಬೇಯಿಸಿದ ಮೊಟ್ಟೆ ಸುಲಿಯುವ ಅಬೂದಿ. ಪ್ರತಿ ಶುಕ್ರವಾರ ಹತ್ತಕ್ಕೆ ಸರಿಯಾಗಿ ಫೋನ್ ಮಾಡಿ, "ಏನಪ್ಪಾ, ಈ ವಾರ ನಂಗೆ ಯಾವ ವೇಷ ಹಾಕ್ಸಿ ಕುಣಿಸಿದೀಯ?" ಎನ್ನುವುದು ಅವನ ರೂಢಿ. ಶನಿವಾರದ ಶಬ್ಬತ್ತಿನ ಸಾಮಾನು ತರಲು ಹೋಗಿರಬೇಕು.

ಆಗಸ್ಟ್ 15, ಭಾನುವಾರ

ರಾಮತ್ ಗಾನ್‌ಗೆ ಹೋಗಿ ಬಂದೆ. ಅಣ್ಣನ ಮನೆಯ ಬಾಗಿಲು ತೆರೆದದ್ದು ಮಾರ್ಸೆಲ್ ಅತ್ತಿಗೆ. ತೆರೆದದ್ದೂ ಅರ್ಧವೇ. ಹಿಂದೆ ಅಣ್ಣನ ಕೋಣೆಯಲ್ಲಿ ರೇಡಿಯೋ ಕಿರುಚುತ್ತಿತ್ತು. ಅವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ.

"ಒಳಗೆ ಬರ್ಲಾ ಅತ್ತಿಗೆ?"

"ಅಲ್ಲೇ ನಿಂತ್ಕೊ. ನೀನು ಒಳಗ್ ಬಂದ್ರೆ ಏನ್ ನೋಡ್ತೀಯೋ, ಎಲ್ ಬರೀತೀಯೋ."

"ಅಣ್ಣನಿಗೆ ಬೇಜಾರಾಯ್ತಾ? ನಾನು ಅವನನ್ನ ಎಷ್ಟು ಚೆನ್ನಾಗಿ..."

"ಚೆನ್ನಾಗಿ! ಕೇಳು, ಶುಕ್ರವಾರ ಅಂಗಡೀಲಿ ಸೌತೆಕಾಯಿ ಆರಿಸ್ತಾ ಇದ್ದೆ. ಎದುರುಮನೆ ವಾಯ್ಲೆಟ್ ಓಡ್ಬಂದು ತಬ್ಕೊಂಡ್ಳು. 'ಪಾಪ ಅಬೂದಿ, ಇಷ್ಟ್ ವರ್ಷ ಅದನ್ನ ಹೇಗ್ ಹೊತ್ಕೊಂಡಿದ್ರೋ' ಅಂದ್ಳು. ಏನನ್ನ ಹೊತ್ಕೊಂಡಿದ್ರು ಅಂತ ನಂಗೇ ಗೊತ್ತಿಲ್ಲ. ಮೂವತ್ತೊಂಬತ್ತು ವರ್ಷ ಆ ಮನುಷ್ಯನ ಪಕ್ಕದಲ್ಲಿ ಮಲಗಿದೀನಿ. ನಂಗೆ ಸೌತೆಕಾಯಿ ಅಂಗಡೀಲಿ ಗೊತ್ತಾಗ್ಬೇಕಾ ಹೆಸ್ಕೇಲ್?"

 ಅತ್ತಿಗೆಗೆ ಹೇಳಿರಲಿಲ್ಲವೆಂದು ನನಗೇನು ಗೊತ್ತು?

"ಪ್ರತಿ ಚಳಿಗಾಲ ಒಂದಿನ ಊಟ ಮುಟ್ಟಲ್ಲ. ಹೊಟ್ಟೆ ಸರಿ ಇಲ್ಲ ಅಂತಿದ್ರು. ಪ್ರತಿ ಸಲ ನಾನು ಪುದೀನಾ ಕುದಿಸಿ ಕೊಡ್ತಿದ್ದೆ. ಅದನ್ನೂ ಕುಡೀತಿರ್ಲಿಲ್ಲ. ಈಗ ಗೊತ್ತಾಯ್ತು ಯಾಕೆ ಅಂತ. ಹೋಗು ಇನ್ನು, ಒಲೆ ಮೇಲೆ ಅನ್ನ ಇದೆ."

ಬಾಗಿಲು ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ಮೈಯೆಲ್ಲ ಉರಿಯಿತು. ಅಣ್ಣನಿಗೆ ಕೋಪ ಬಂದಿದ್ದರೆ ನನಗೆ ನಾಲ್ಕು ಬಯ್ಯಬಹುದಿತ್ತು, ಹೆಂಡತಿಯನ್ನು ಮುಂದೆ ಬಿಡುವುದೇನು?

ಪುದೀನಾ ಕಷಾಯದ ವಿಷಯ ಚೆನ್ನಾಗಿದೆ. ಶುಕ್ರವಾರಕ್ಕೆ ಇಟ್ಟುಕೊಳ್ಳಬೇಕು.

ಆಗಸ್ಟ್ 20, ಶುಕ್ರವಾರ

ಹತ್ತಾಯಿತು, ಹನ್ನೊಂದಾಯಿತು. ಫೋನಿಲ್ಲ. ಈ ವಾರದ ಅಂಕಣ ಲಿಫ್ಟಿನ ಮೇಲೆ, ಅಬೂದಿ ಇಲ್ಲದ ಲಿಫ್ಟಿನ ಮೇಲೆ. ಓದುಗರಿಗೆ ರುಚಿಸಿಲ್ಲ. ಪುದೀನಾ ಬರೆಯಲಿಲ್ಲ, ಅದು ಇನ್ನೂ ಹಸಿ ಇದೆ.

ಮಂಗಳವಾರ ಅವನು ಪಗಡೆಗೂ ಬರಲಿಲ್ಲ. ಮೂವತ್ತು ವರ್ಷದಿಂದ ಮಂಗಳವಾರ ಬಸ್ ನಿಲ್ದಾಣದ ಹಿಂದಿನ ಕಾಫಿ ಅಂಗಡಿಯಲ್ಲಿ ಅವನು ದಾಳ ಎಸೆಯುತ್ತ ಮೋಸ ಮಾಡುವುದು, ನಾನು ಹಿಡಿಯುವುದು. ನಾನೊಬ್ಬನೇ ಕೂತು ಎರಡು ಕಾಫಿ ಕುಡಿದೆ. ಅಂಗಡಿಯವನು ಕೇಳಿದ, "ಗೋಲ್‌ಕೀಪರ್ ಬರ್ಲಿಲ್ವಾ?" ಒಂದೇ ವಾರದಲ್ಲಿ ಅವನಿಗೆ ಹೊಸ ಹೆಸರು ಬಂದಿದೆ.

ಆಗಸ್ಟ್ 26, ಗುರುವಾರ

ಅತ್ತಿಗೆಯ ಫೋನು, ಒಂದೇ ಮಾತು: "ಹಬ್ಬಕ್ಕೆ ಬರಬೇಡ."

ಸೆಪ್ಟೆಂಬರಿನ ನಮ್ಮ ಹೊಸ ವರ್ಷದ ರಾತ್ರಿ ನಾನು ಅವರ ಮನೆಯಲ್ಲಿ ಉಣ್ಣದೇ ಇದ್ದದ್ದು ಬದುಕಿನಲ್ಲಿ ಒಂದೇ ಸಲ, ಅದೂ ಸೈನ್ಯದಲ್ಲಿದ್ದಾಗ. ಮಕ್ಕಳಿಲ್ಲದ, ಹೆಂಡತಿ ಬಿಟ್ಟುಹೋದ ಮನುಷ್ಯನಿಗೆ ಹಬ್ಬವೆಂದರೆ ಅತ್ತಿಗೆಯ ಮೇಜು. ನನಗೆ ಸಿಟ್ಟು ಬಂತು. ಹತ್ತೊಂಬತ್ತು ವರ್ಷ ಅವನನ್ನು ದೇಶದ ಮುದ್ದಿನ ಮನುಷ್ಯ ಮಾಡಿದವನು ನಾನು. ರಸ್ತೆಯಲ್ಲಿ ಜನ ಅವನ ಕೈ ಕುಲುಕುವುದು ಬಸ್ ಗ್ಯಾರೇಜಿನಲ್ಲಿ ವೈರು ಜೋಡಿಸಿದ್ದಕ್ಕಲ್ಲ.

ಬರೆದ ಮೇಲೆ ಇದು ಕೆಟ್ಟದಾಗಿ ಕಾಣುತ್ತಿದೆ. ಇರಲಿ, ಯಾರೂ ಓದುವುದಿಲ್ಲ.

ಆಗಸ್ಟ್ 30, ಸೋಮವಾರ

ಮೊದಲ ಸಲ ಕ್ಷಮೆ ಕೇಳಿದೆ.

ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಣ್ಣನ ಪ್ರಾರ್ಥನಾ ಮಂದಿರಕ್ಕೆ ಹೋದೆ. ಬಾಗ್ದಾದಿನವರದೇ ಪುಟ್ಟ ಮಂದಿರ, ಕೆಳಗೆ ಲಾಂಡ್ರಿ, ಮೇಲೆ ದೇವರು. ಅಲ್ಲಿಗೆ ನಾನು ಬರುವುದು ಮದುವೆಗೆ, ಸಾವಿಗೆ. ಅಣ್ಣ ಪ್ರಾರ್ಥನೆಗೆಂದು ತೋಳಿಗೆ ಕಟ್ಟಿದ್ದ ಚರ್ಮದ ಪಟ್ಟಿ ಬಿಚ್ಚಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಹೇಳಿದೆ: "ಅಣ್ಣ, ನಾನು ಸತ್ಯವನ್ನ ಪ್ರೀತಿಸೋ ಭರದಲ್ಲಿ ಸತ್ಯವಂತನನ್ನ ಪ್ರೀತಿಸೋದು ಮರೆತೆ. ಕ್ಷಮಿಸು."

ಅವನು ಪಟ್ಟಿಯನ್ನು ಚೀಲದಲ್ಲಿಟ್ಟು ಜಿಪ್ ಎಳೆದ.

"ಈ ಮಾತನ್ನ ಎಷ್ಟ್ ಸಲ ತಿದ್ದಿದೆ?"

ನಾನು ಅವನಿಗೆ ಸುಳ್ಳು ಹೇಳಲಾರೆ. "ನಾಲ್ಕು ಸಲ."

"ಚೆನ್ನಾಗಿದೆ. ಇಲ್ಲ."

ಅಷ್ಟೇ. ಚೀಲ ಬಗಲಿಗೆ ಸಿಕ್ಕಿಸಿ ಹೋಗಿಯೇಬಿಟ್ಟ. ನಾನು ಹೊರಡುವಾಗ ಹಖಾಮ್ ಗುರ್ಜಿ ತೋಳು ಹಿಡಿದರು. ಆ ಮಂದಿರದ ಗುರು ಅವರೇ. ಹಗಲು ಹೊತ್ತು ಗಡಿಯಾರ ರಿಪೇರಿ ಮಾಡುತ್ತಾರೆ. ನನ್ನನ್ನು ಒಂಬತ್ತು ವರ್ಷದವನಿದ್ದಾಗಿನಿಂದ ಬಲ್ಲರು.

"ಒಂದ್ ಸಲಕ್ಕೇ ಮುಖ ಸಣ್ಣ ಮಾಡ್ಕೊಂಡ್ಯಾ? ಕಾಯಿದೆ ಪ್ರಕಾರ ಮೂರ್ ಸಲ ಕೇಳ್ಬೇಕು ಕಣಯ್ಯಾ. ದೇವರ ವಿರುದ್ಧ ಮಾಡಿದ್ದನ್ನ ಪ್ರಾಯಶ್ಚಿತ್ತದ ದಿನ ದೇವರು ಅಳಿಸ್ತಾನೆ. ಮನುಷ್ಯನಿಗೆ ಮಾಡಿದ್ದನ್ನ ಆ ಮನುಷ್ಯನೇ ಅಳಿಸ್ಬೇಕು. ಕೊನೇ ಸಲ ಮೂರು ಜನರನ್ನ ಕರ್ಕೊಂಡು ಹೋಗು."

"ಆಗ್ಲೂ ಒಪ್ಪದಿದ್ರೆ?"

"ಆಗ ನಿನ್ ಕೆಲ್ಸ ಮುಗೀತು. ಭಾರ ಅವನ ತಲೆ ಮೇಲೆ."

ಸೊಗಸಾದ ಕಾಯಿದೆ. ನನಗೆ ದೇವರ ಮೇಲೆ ನಂಬಿಕೆಯಿಲ್ಲ, ಅವನ ವಕೀಲರ ಬುದ್ಧಿಯ ಮೇಲೆ ಇದೆ. ಶುಕ್ರವಾರಕ್ಕೆ ಇಟ್ಟುಕೊಳ್ಳಬೇಕು.

ಸೆಪ್ಟೆಂಬರ್ 7, ಮಂಗಳವಾರ

ಹಬ್ಬದ ಸಂಚಿಕೆಗೆ ಅಂಕಣ ಕಳಿಸಿದೆ. ಬೆಳಿಗ್ಗೆ ಐದಕ್ಕೆ ಎದ್ದು ಒಂದೇ ಉಸಿರಿಗೆ ಬರೆದದ್ದು. ಅಣ್ಣನಿಗೆ ಬಹಿರಂಗ ಪತ್ರ. ಇಡೀ ದೇಶವನ್ನು ಸಾಕ್ಷಿಗೆ ಕರೆದು ಕ್ಷಮೆ ಕೇಳಿದ್ದೇನೆ. ತಪ್ಪು ಎಲ್ಲರ ಎದುರು ಆಗಿದ್ದರಿಂದ ಕ್ಷಮೆಯನ್ನೂ ಎಲ್ಲರ ಎದುರೇ ಕೇಳಬೇಕು, ನ್ಯಾಯ ಅದೇ. ಹದಿನಾರರ ಹುಡುಗ ಕಿತ್ತಳೆ ಕಟ್ಟುವ ಶೆಡ್ಡಿಗೆ ಕೂಲಿಗೆ ಹೋಗಿ ತಮ್ಮನನ್ನು ಶಾಲೆಗೆ ಕಳಿಸಿದ್ದು, ನಾನು ಕಲಿತ ಹೀಬ್ರೂವಿನ ಒಂದೊಂದು ಅಕ್ಷರವೂ ಅವನ ಬೆನ್ನಿನ ಮೇಲೆ ನಿಂತು ಕೊಯ್ದದ್ದು, ಎಲ್ಲವನ್ನೂ ಬರೆದಿದ್ದೇನೆ. ಪುದೀನಾ ಕಷಾಯವೂ ಬಂದಿದೆ, ಸರಿಯಾದ ಜಾಗದಲ್ಲಿ.

ನೂರಿತ್ ಫ್ಯಾಕ್ಸ್ ಓದಿ ಫೋನ್ ಮಾಡಿದಳು. "ಇದನ್ನ ಓದಿಯೂ ಕ್ಷಮಿಸ್ದಿದ್ರೆ ಅವ್ನು ಕಲ್ಲು."

ಎರಡನೆಯ ಸಲ ಕೇಳಿದ ಹಾಗಾಯಿತು.

ಸೆಪ್ಟೆಂಬರ್ 11, ಶನಿವಾರ

ಹೊಸ ವರ್ಷ. ನಿನ್ನೆ ಸಂಜೆ ಒಬ್ಬನೇ ಕೂತು ದಾಳಿಂಬೆ ಬಿಡಿಸಿದೆ, ಒಂದು ಖರ್ಜೂರ ತಿಂದೆ. ಪ್ರತಿ ಹಣ್ಣಿಗೂ ಒಂದು ಹಾರೈಕೆ ಹೇಳಬೇಕು. ಹೇಳುವವನು ಅಣ್ಣ, ನಾವು ಆಮೆನ್ ಎನ್ನುವವರು. ನನಗೆ ಅರ್ಧಕ್ಕರ್ಧ ಹಾರೈಕೆಗಳು ನೆನಪಾಗಲಿಲ್ಲ. ದಾಳಿಂಬೆಯ ಕಲೆ ಅಂಗಿಯ ತೋಳಿಗೆ ಆಯಿತು.

ನಿನ್ನೆ ಫೋನು ನಲವತ್ತು ಸಲ ಬಂತು. ಅವನದಲ್ಲ.

ಸೆಪ್ಟೆಂಬರ್ 13, ಸೋಮವಾರ

ಅತ್ತಿಗೆ ತಾನಾಗಿ ಫೋನ್ ಮಾಡಿದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಬೆಳಿಗ್ಗೆ ಅಣ್ಣ ಹಬ್ಬದ ಮೀನು ತರಲು ಮಾರುಕಟ್ಟೆಗೆ ಹೋಗಿದ್ದಾನೆ. ಮೀನಿನವನು ಕತ್ತಿ ಕೆಳಗಿಟ್ಟು, "ಏ ಗೋಲ್‌ಕೀಪರ್, ತಮ್ಮನ್ನ ಕ್ಷಮಿಸ್ಬಿಡಪ್ಪ, ಹಬ್ಬ ಅಲ್ವಾ!" ಎಂದನಂತೆ. ಸಾಲಿನಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರಂತೆ. ಯಾರೋ ಹೆಂಗಸು ಅವನ ಕೆನ್ನೆ ಹಿಡಿದು ಅತ್ತಳಂತೆ. ಅವನು ತೂಗಿಸಿದ್ದ ಮೀನನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಅವತ್ತಿನಿಂದ ಹೊರಗೆ ಕಾಲಿಟ್ಟಿಲ್ಲ.

"ನಿನ್ನೆ ಮಂದಿರದಲ್ಲಿ ಹಬ್ಬದ ಕೊಂಬು ಊದ್ದಾಗ್ಲೂ ಹೋಗ್ಲಿಲ್ಲ ಹೆಸ್ಕೇಲ್. ಕಿಟಕಿ ಹತ್ರ ನಿಂತು ಕೇಳೋಕೆ ನೋಡಿದ್ರು. ಲಾಂಡ್ರಿ ರಸ್ತೆ ಇಷ್ಟು ದೂರ, ಎಲ್ಲಿ ಕೇಳತ್ತೆ?"

"ನಾನು ಕ್ಷಮೆ ಕೇಳಿದ್ದು ಅತ್ತಿಗೆ. ಬೈದಿದ್ದಲ್ಲ."

"ನೀನು ಊರನ್ನೆಲ್ಲ ನಮ್ಮನೆ ಬಾಗಿಲಿಗೆ ಕಳಿಸ್ದೆ. ರೇಡಿಯೋದವ್ರು ಬೇರೆ ಫೋನ್ ಮಾಡಿದಾರೆ. ಇಬ್ರನ್ನೂ ಕೂರ್ಸಿ, ಎಲ್ರೂ ಕೇಳೋ ಹಾಗೆ ತಬ್ಬಿಸ್ತಾರಂತೆ. ನನ್ನ ಪುದೀನಾನೂ ಬರ್ದಿದೀಯಲ್ಲ. ಅದು ನಾನು ನಿಂಗೆ ಬಾಗಿಲಲ್ಲಿ ನಿಂತು ಹೇಳಿದ್ದು."

ನಾನು ನರ್ಸಿನ ಮಾತೆತ್ತಿದೆ. ಆಕೆಗೆ ಆದ ಅನ್ಯಾಯ, ನನ್ನ ಪುಸ್ತಕ, ನನ್ನ ಹೊಣೆ, ಎಲ್ಲ. ಅತ್ತಿಗೆ ಕೊನೆಯವರೆಗೂ ಕೇಳಿದಳು.

"ಅವಳಿಗೋಸ್ಕರ ಬರ್ದೆ ಅಂತೀಯ?"

"ಹೌದು."

"ಅವಳ ಹೆಸರೇನು?"

ನನಗೆ ಗೊತ್ತಿದ್ದದ್ದು ನಾನು ಕಾದಂಬರಿಯಲ್ಲಿ ಇಟ್ಟ ಹೆಸರು ಮಾತ್ರ.

"ಬದುಕಿದಾಳಾ? ಮಕ್ಕಳಿದಾರಾ? ಯಾರ್ನಾದ್ರೂ ಕೇಳಿದ್ಯಾ? ಇಪ್ಪತ್ತೈದು ವರ್ಷ ಆಯ್ತಲ್ಲ ಆ ಪುಸ್ತಕ ಬರ್ದು. ಒಂದ್ ಫೋನು?"

ಫೋನಿಟ್ಟಳು.  ನಾಳೆ ಅಂಕಣ ಕಳಿಸಬೇಕು, ಏನೂ ಬರೆದಿಲ್ಲ.

ಸೆಪ್ಟೆಂಬರ್ 16, ಗುರುವಾರ

ಮೂರನೆಯ ಸಲವೂ ಮುಗಿಯಿತು.

ಹಖಾಮ್ ಗುರ್ಜಿ, ಮಂದಿರದ ಇಬ್ಬರು ಮುದುಕರು, ನಾನು. ನಾಲ್ವರೂ ಮೂರು ಮಹಡಿ ಹತ್ತಿದೆವು. ಲಿಫ್ಟ್ ಇತ್ತು, ಆದರೆ ಅಬೂದಿಯ ಮನೆಗೆ ಲಿಫ್ಟಿನಲ್ಲಿ ಹೋಗುವುದು ಯಾಕೋ ಸರಿಯೆನಿಸಲಿಲ್ಲ. ಮುದುಕರು ಪ್ರತಿ ಮಹಡಿಯಲ್ಲೂ ನಿಂತು ನನ್ನನ್ನು ಬೈದುಕೊಂಡರು.

ಅಣ್ಣನೇ ಬಾಗಿಲು ತೆರೆದ. ತೆಳ್ಳಗಾಗಿದ್ದಾನೆ. ಗಡ್ಡ ಬಿಟ್ಟಿದ್ದಾನೆ, ಬೆಳ್ಳಗಿದೆ. ಎಡಗಾಲಿನ ಚಪ್ಪಲಿ ಹೆಬ್ಬೆರಳಿನ ಹತ್ತಿರ ಹರಿದು, ಅದಕ್ಕೆ ಕರೆಂಟಿನ ಕಪ್ಪು ಟೇಪು ಸುತ್ತಿದ್ದ. ನಿವೃತ್ತನಾದರೂ ಎಲೆಕ್ಟ್ರಿಷಿಯನ್ ಎಲೆಕ್ಟ್ರಿಷಿಯನ್ನೇ. ಒಳಗಿನಿಂದ ಹುರಿದ ಬದನೆಕಾಯಿಯ ವಾಸನೆ, ಮಾವಿನಕಾಯಿ ಉಪ್ಪಿನಕಾಯಿಯ ಘಾಟು. ಅವನ ಹಿಂದೆ ಗೋಡೆಯಲ್ಲಿ ಅಮ್ಮನ ಪಟ.

"ಅಣ್ಣ, ನನ್ನಿಂದ ತಪ್ಪಾಯ್ತು. ಕ್ಷಮಿಸು," ಎಂದೆ. ಈ ಸಲ ಚಿಕ್ಕದಾಗಿ ಇಟ್ಟಿದ್ದೆ.

ಅವನು ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಹಖಾಮರಿಗೆ ತಲೆ ಬಾಗಿದ. ನನ್ನನ್ನು ಬಹಳ ಹೊತ್ತು ನೋಡಿದ.

"ಇಲ್ಲ," ಎಂದ. ಬಾಗಿಲನ್ನು ಮೆಲ್ಲಗೆ, ಸದ್ದಾಗದ ಹಾಗೆ ಹಾಕಿಕೊಂಡ.

ಮೆಟ್ಟಿಲ ಮೇಲೆ ಹಖಾಮ್ ನನ್ನ ಬೆನ್ನು ತಟ್ಟಿದರು. "ನೀನು ಮಾಡೋದೆಲ್ಲ ಮಾಡ್ದೆ. ಇನ್ನು ನೀನು ಬಿಡುಗಡೆ. ಅವನ ಪಾಡು ಅವನಿಗೆ, ದೇವರಿಗೆ."

ಹಗುರವಾಯಿತು. ಒಪ್ಪಿಕೊಳ್ಳುತ್ತೇನೆ, ಹಗುರವಾಯಿತು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ, ಮಧ್ಯಾಹ್ನ ಎರಡು ಗಂಟೆ ಒಳ್ಳೆಯ ನಿದ್ದೆ. ನನ್ನ ಕಡೆಯಿಂದ ಇನ್ನು ಯಾವ ಕೊರತೆಯೂ ಇಲ್ಲ.

ಸೆಪ್ಟೆಂಬರ್ 17, ಶುಕ್ರವಾರ

ಮಧ್ಯಾಹ್ನ ಅತ್ತಿಗೆಗೆ ನಾನೇ ಫೋನ್ ಮಾಡಿದೆ. ಯಾಕೆ ಮಾಡಿದೆನೋ. ಗೆದ್ದವನು ಸೋತವನ ಯೋಗಕ್ಷೇಮ ವಿಚಾರಿಸುವ ಹಾಗೆ ಇದ್ದಿರಬಹುದು ನನ್ನ ದನಿ.

"ನಿನ್ನೆಯಿಂದ ಊಟ ಬಿಟ್ಟಿದಾರೆ," ಎಂದಳು. ಅವಳ ದನಿಯಲ್ಲಿ ಜಗಳದ ಶಕ್ತಿಯೂ ಉಳಿದಿರಲಿಲ್ಲ. "ಪ್ರಾಯಶ್ಚಿತ್ತದ ಉಪವಾಸಕ್ಕೆ ಇನ್ನೂ ಎರಡು ದಿನ ಇದೆ ಅಂದ್ರೆ ಕೇಳಲ್ಲ. 'ಭಾರ ಈಗ ನನ್ ಮೇಲೆ ಬಂತಲ್ಲ ಮಾರ್ಸೆಲ್' ಅಂತಾರೆ. 'ಇಷ್ಟ್ ವರ್ಷ ಒಂದು ಹೊತ್ತಿದ್ದೆ, ಈಗ ಎರಡಾಯ್ತು. ಇದನ್ನ ಹೊತ್ಕೊಂಡು ಭಾನುವಾರ ದೇವರ ಮುಂದೆ ಹೇಗ್ ನಿಲ್ಲಲಿ' ಅಂತಾರೆ."

"ಹಾಗಾದ್ರೆ ಕ್ಷಮಿಸಿದೆ ಅನ್ನಲಿ ಅತ್ತಿಗೆ. ಒಂದು ಮಾತು. ಅವನಿಗೂ ನಿರಾಳ."

"ಹೇಳ್ದೆ. ನಾನೂ ಅದನ್ನೇ ಹೇಳ್ದೆ. ಅದಕ್ಕೇನಂದ್ರು ಗೊತ್ತಾ? 'ಮನಸ್ಸಲ್ಲಿ ಇಲ್ದೆ ಬಾಯಲ್ಲಿ ಅಂದ್ರೆ ಸುಳ್ಳಾಗತ್ತೆ. ಒಂದೇ ಒಂದು ಸುಳ್ಳು ಹೇಳಿ ನಲವತ್ತೇಳು ವರ್ಷ ಆಯ್ತು. ಇನ್ನೊಂದು ಹೇಳಲ್ಲ.'"

  ಆಚೆ ಕಡೆ ಕುಕ್ಕರಿನ ಸಿಳ್ಳೆ ಕೇಳಿಸುತ್ತಿತ್ತು.

ನನಗೆ ನಂಬಿಕೆ ಇಲ್ಲ. ಭಾನುವಾರ ಸಂಜೆ ಆಕಾಶದಲ್ಲಿ ಯಾರೂ ಪಾಪಪುಣ್ಯದ ಪುಸ್ತಕ ತೆರೆದು ಕೂರುವುದಿಲ್ಲ, ಯಾರ ಹೆಸರಿನ ಮುಂದೆಯೂ ಏನೂ ಬರೆಯುವುದಿಲ್ಲ. ಆದರೆ ಅಣ್ಣನ ಪಾಲಿಗೆ ಬರೆಯುತ್ತಾರೆ. ಅವನು ಆ ಪುಸ್ತಕದ ಮುಂದೆ ನಿಲ್ಲುತ್ತಾನೆ, ಮೂರು ದಿನದ ಹಸಿವಿನಲ್ಲಿ. ನಿಲ್ಲಿಸಿದವನು ನಾನು. ಕಾಯಿದೆ ಹಿಡಿದುಕೊಂಡು ಹೋಗಿ, ಸಾಕ್ಷಿಗಳನ್ನೂ ಕರೆದುಕೊಂಡು ಹೋಗಿ.

ಸೆಪ್ಟೆಂಬರ್ 18, ಶನಿವಾರ

ಆಗಸ್ಟ್ ಹತ್ತು, ಮಂಗಳವಾರ. ಅಂಕಣ ಕಳಿಸುವ ದಿನ. ಮಧ್ಯಾಹ್ನ ಎರಡಕ್ಕೆ ನೂರಿತ್ ಫೋನ್ ಮಾಡಿ ಎಲ್ಲಿ ಎಂದು ಕೇಳಿದಳು. ನನ್ನ ಬಳಿ ಏನೂ ಇರಲಿಲ್ಲ. ಬೇಸಿಗೆ, ಸೆಕೆ, ತಲೆಯೊಳಗೆ ಒಂದು ಸಾಲೂ ಇರಲಿಲ್ಲ. ನಾಲ್ಕಕ್ಕೆ ಕೊಡುತ್ತೇನೆ ಎಂದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಬಹಿಯಾ ನೆನಪಾದಳು.

ನರ್ಸು ನೆನಪಾದದ್ದು ಮೂರೂವರೆಗೆ, ಕೊನೆಯ ಪ್ಯಾರಾ ಬೇಕಾಗಿತ್ತು.

ಸೆಪ್ಟೆಂಬರ್ 21, ಮಂಗಳವಾರ

ನೂರಿತ್ ಎರಡು ಸಲ ಫೋನ್ ಮಾಡಿದಳು. ಪ್ರಾಯಶ್ಚಿತ್ತದ ದಿನ ಅಣ್ಣತಮ್ಮಂದಿರಿಗೆ ಏನಾಯಿತೆಂದು ಓದುಗರು ಕೇಳುತ್ತಿದ್ದಾರಂತೆ. ನೀರಿನ ಮೀಟರಿನ ಬಗ್ಗೆ ಬರೆದು ಕಳಿಸಿದೆ. "ಇದೇನು ತಮಾಷೆನಾ?" ಎಂದಳು. ಅಲ್ಲ, ನಮ್ಮ ಕಟ್ಟಡದ ಮೀಟರು ನಿಜವಾಗಿಯೂ ಕೆಟ್ಟಿದೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಮಂದಿರಕ್ಕೆ ಹೋದೆ. ಸಂಜೆ ಬಸ್ಸುಗಳು ನಿಲ್ಲುತ್ತವೆ, ಹಿಂದಿರುಗಿ ನಡೆದೇ ಬರಬೇಕು. ಬಿಳಿ ಅಂಗಿ ಹಾಕಿಕೊಂಡಿದ್ದೆ, ಕಾಲಿಗೆ ಬಟ್ಟೆಯ ಬೂಟು, ಅವತ್ತು ಚರ್ಮ ತೊಡುವಂತಿಲ್ಲ. ಹಖಾಮ್ ಗುರ್ಜಿ ದೀಪಗಳಿಗೆ ಎಣ್ಣೆ ಹಾಕುತ್ತಿದ್ದರು. ಆ ಇಬ್ಬರು ಮುದುಕರು ಆಗಲೇ ಬಂದು ಫ್ಯಾನಿನ ಕೆಳಗಿನ ಜಾಗ ಹಿಡಿದಿದ್ದರು.

ಅಣ್ಣ ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ನಾಲ್ಕೂಕಾಲಿಗೆ ಬಂದ. ಅತ್ತಿಗೆ ತೋಳು ಹಿಡಿದುಕೊಂಡು ಬಾಗಿಲವರೆಗೆ ತಂದು ಬಿಟ್ಟು, ಹೆಂಗಸರ ಮೆಟ್ಟಿಲು ಹತ್ತಿದಳು. ಅವನು ಯಾರನ್ನೂ ನೋಡದೆ ತನ್ನ ಬೆಂಚಿಗೆ ಹೋಗಿ ಕೂತ.

ನಾನು ಹಖಾಮರ ಹತ್ತಿರ ಹೋಗಿ ಆ ಇಬ್ಬರನ್ನೂ ಕರೆದೆ.  ಅಣ್ಣನಿಗೆ ಕೇಳಿಸುವ ಹಾಗೆ, ಆದರೆ ಅವನ ಕಡೆ ತಿರುಗದೆ ಹೇಳಿದೆ.

"ಗುರುಗಳೇ, ಗುರುವಾರ ನೀವು ನನ್ನ ಬಿಡುಗಡೆ ಮಾಡಿದ್ರಿ. ಅದನ್ನ ವಾಪಸ್ ತಗೊಳ್ಳಿ."

"ಯಾಕಯ್ಯಾ? ಮೂರ್ ಸಲ ಕೇಳಿದೀಯ."

"ಕೇಳಿಲ್ಲ. ಮೊದಲ್ನೇ ಸಲ ಒಂದು ಮಾತು ಕಟ್ಕೊಂಡು ಬಂದಿದ್ದೆ, ಅದು ಎಷ್ಟು ಚೆನ್ನಾಗಿದೆ ಅಂತ ಅವನಿಗೆ ತೋರ್ಸೋಕೆ. ಎರಡ್ನೇ ಸಲ ಪೇಪರಲ್ಲಿ, ಅದು ಓದುಗರ ಜೊತೆ ಆಡಿದ ಮಾತು. ಮೂರ್ನೇ ಸಲ ಅವನ ಬಾಗಿಲಲ್ಲಿ ನಿಂತಾಗ, ಇವರಿಬ್ರೂ ಪಕ್ಕದಲ್ಲೇ ಇದ್ರು, ನಾನು ಅವನ ಹರಿದ ಚಪ್ಪಲಿ ನೋಡ್ತಾ ಇದ್ದೆ. ಅದನ್ನ ಹೇಗೆ ಬರೀಲಿ ಅಂತ ಯೋಚಿಸ್ತಾ ಇದ್ದೆ. ನನ್ನ ಬಾಯಿ ಏನು ಹೇಳ್ತೋ ನಂಗೇ ಸರಿಯಾಗಿ ಗೊತ್ತಿಲ್ಲ. ನಾನು ಒಂದ್ ಸಲಾನೂ ಕೇಳಿಲ್ಲ ಗುರುಗಳೇ. ಕೇಳ್ದೇ ಇದ್ದವನಿಗೆ ಅವನು ಹೇಗೆ ಇಲ್ಲ ಅಂದ ಹಾಗಾಗತ್ತೆ? ಅವನ ಮೇಲೆ ಏನೂ ಇಲ್ಲ."

ಮುದುಕರಲ್ಲಿ ಒಬ್ಬ, "ಮೂರು ಮಹಡಿ ಹತ್ತಿದ್ದು ದಂಡವಾ ಹಾಗಾದ್ರೆ?" ಎಂದ. ಇನ್ನೊಬ್ಬ ಅವನ ಪಕ್ಕೆಗೆ ತಿವಿದ.

ಹಖಾಮ್ ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಬಹಳ ನಿಧಾನ ಒರೆಸಿಕೊಂಡರು, ಒಂದೊಂದು ಬೆರಳನ್ನೂ. "ಹಾಗಾದ್ರೆ ಭಾರ ಪೂರ್ತಿ ನಿನ್ ಮೇಲೇ ಉಳಿಯತ್ತೆ, ಗೊತ್ತಲ್ಲ? ಇನ್ನೇನು ಒಂದ್ ಗಂಟೇಲಿ ಉಪವಾಸ."

"ಗೊತ್ತು."

"ನೀನು ನಂಬದವನು. ನಿಂಗೇನು ನಷ್ಟ?"

"ನಂಗೊತ್ತಿಲ್ಲ. ಅವನು ನಂಬ್ತಾನೆ."

ಅವರು ನನ್ನನ್ನು ಒಂದು ಕ್ಷಣ ನೋಡಿ, ಆಮೇಲೆ ಆ ಇಬ್ಬರನ್ನೂ ನೋಡಿ, ಬೆಂಚಿನ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು: "ಅಬೂದಿ, ಕೇಳಿಸ್ತಾ? ನಿನ್ನನ್ನ ಇವತ್ತಿನವರೆಗೆ ಯಾರೂ ಏನೂ ಕೇಳಿಲ್ಲ. ನೀನು ಯಾರಿಗೂ ಇಲ್ಲ ಅಂದಿಲ್ಲ. ಮೂರು ಜನರ ಸಾಕ್ಷಿ. ನಿರಾಳವಾಗಿ ಪ್ರಾರ್ಥನೆ ಮಾಡು."

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜ ಅಲ್ಲಾಡುತ್ತಿತ್ತು. ಮೇಲೆ ಹೆಂಗಸರ ಜಾಲರಿಯ ಹಿಂದೆ ಯಾರೋ ಮೂಗು ಎಳೆದುಕೊಂಡದ್ದು ಕೇಳಿಸಿತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಗಿಲ ಕಡೆ ನಡೆದೆ.

"ಹೆಸ್ಕೇಲ್."

ಐದು ವಾರಗಳಲ್ಲಿ ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹೋಗಿ ಅವನ ಬೆಂಚಿನ ಮುಂದೆ ನಿಂತೆ. ಅವನು ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಗಡ್ಡಕ್ಕೆ ಇಳಿಯುತ್ತಿತ್ತು.

"ಈಗ ಕೇಳ್ಬೇಕು ಅಂತಿದೀಯಾ?"

 ಮಾತು ಒಂದೂ ಸಿದ್ಧವಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

"ಬೇಡ. ಕೇಳ್ಬೇಡ. ಈಗ ಕೇಳಿದ್ರೆ ಇಲ್ಲ ಅಂತ್ಲೇ ಬರತ್ತೆ ಬಾಯಲ್ಲಿ." ಅವನು ಉಸಿರು ಎಳೆದುಕೊಂಡ. "ಮುಂದಿನ್ ವರ್ಷ ಕೇಳು. ಅಲ್ಲೀವರೆಗೆ ಸಾಯ್ಬೇಡ."

ಪಕ್ಕದ ಜಾಗದಲ್ಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ನಾನು ಕೂತೆ.